ವಾಲಗದ ಸೂಜಿ ತೆಗೆದ ಗಂಗಾಂಬಿಕೆ ಡಾಕ್ಟರು

ಗಂಗಾಂಬಿಕೆ ಡಾಕ್ಟರ ಮುಖವನ್ನು ಸರಿಯಾಗಿ ನೋಡುವ ಮೊದಲೇ ನಾನು ಅವರ ಬಾಯೊಳಗನ್ನು ನೋಡಿದ್ದೆ. ಹದಿನಾಲ್ಕು ಇಂಚಿನ ಪರದೆಯ ತುಂಬ ಅವರ ಕೆನ್ನೆಯ ಒಳಭಾಗ ಒದ್ದೆಯಾಗಿ ಹೊಳೆಯುತ್ತಿತ್ತು, ಆದರೆ ಕಿತ್ತಳೆ ಹಣ್ಣಿನ ಬಣ್ಣದಲ್ಲಿ. ಪಕ್ಕದಲ್ಲೇ ಆ ಮಹಾತಾಯಿ ಬೆರಳ ಗಾತ್ರದ ಉದ್ದನೆಯ ಕ್ಯಾಮೆರಾ ಕೊಳವೆಯೊಂದನ್ನು ಬಾಯಿಗಿಟ್ಟುಕೊಂಡು, ಮಾತಾಡಲಾಗದೆ, ಎಡಗೈಯಲ್ಲಿ ಸನ್ನೆ ಮಾಡುತ್ತಿದ್ದರು: ಇನ್ನೂ ಕೆಂಪು, ಇನ್ನೂ ಸ್ವಲ್ಪ ಕೆಂಪು. ನಾನು ಸೆಟ್ಟಿನ ಹಿಂದೆ ಕುಕ್ಕರಗಾಲಲ್ಲಿ ಕೂತು ತಿರುಪು ತಿರುಗಿಸುತ್ತಿದ್ದೆ. ಬಣ್ಣ ಸರಿಹೋದ ಮೇಲೆ ಕೊಳವೆ ಹೊರಗೆ ತೆಗೆದು, ತುಟಿ ಒರೆಸಿಕೊಂಡು ಹೇಳಿದರು: "ಹೊಟ್ಟೆ ಒಳಗಿನ ಬಣ್ಣ, ಬಾಯಿ ಒಳಗಿನ ಬಣ್ಣ ಹೆಚ್ಚೂಕಮ್ಮಿ ಒಂದೇ ಕಣ್ರೀ. ಪೇಷೆಂಟ್ ಹೊಟ್ಟೇಲಿ ಬಣ್ಣ ಹುಡುಕ್ತಾ ಕೂರೋಕಾಗುತ್ತಾ? ಅದಕ್ಕೇ ನನ್ನ ಬಾಯೇ ಇರಲಿ ಅಂತ."

ಇದು ತೊಂಬತ್ತರ ದಶಕದ ನಡುವಿನ ಮಾತು. ವಿದ್ಯಾರಣ್ಯಪುರಂನಲ್ಲಿ ನನ್ನದೊಂದು ಟಿವಿ ರಿಪೇರಿ ಅಂಗಡಿ ಇತ್ತು. ಅವತ್ತು ಬೆಳಿಗ್ಗೆ ಸ್ಕೂಟರಿನಲ್ಲಿ ಬಂದಿಳಿದ ಹೆಂಗಸು ನಲವತ್ತೈದರ ಆಸುಪಾಸಿನವರು. ಹತ್ತಿ ಸೀರೆ, ಹಣೆಯಲ್ಲಿ ಅರ್ಧ ಅಳಿಸಿದ ವಿಭೂತಿ, ಕಾಲಿಗೆ ಗಂಡಸರ ಚಪ್ಪಲಿ.

"ನಮ್ಮ ಟಿವೀಲಿ ರಕ್ತ ಕಿತ್ತಳೆ ಬಣ್ಣ ಕಾಣ್ತಾ ಇದೆ. ಬಂದು ನೋಡ್ತೀರಾ?" ಅಂದರು.

ಯಾವುದೋ ಹೊಡೆದಾಟದ ಸಿನಿಮಾ ನೋಡಿದ್ದಾರೆ ಅಂದುಕೊಂಡೆ. "ಕೇಬಲ್‌ನೋರು ಸಿಗ್ನಲ್ ಸರಿಯಾಗಿ ಕೊಡ್ತಿಲ್ಲ ಮೇಡಂ" ಅಂದೆ.

"ಕೇಬಲ್‌ದಲ್ಲ ಕಣ್ರೀ. ಹೊಟ್ಟೆ ಒಳಗಿಂದು."

ಹಾಗೆ ನನ್ನನ್ನು ಸಿದ್ಧಾರ್ಥನಗರದ ತಮ್ಮ ಚಿಕ್ಕ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಹೊಕ್ಕುಳ ಹತ್ತಿರ ಒಂದು, ಅಕ್ಕಪಕ್ಕ ಎರಡು ಸಣ್ಣ ತೂತು ಮಾಡಿ, ಒಂದರಲ್ಲಿ ದೀಪ ಮತ್ತು ಕ್ಯಾಮೆರಾ, ಉಳಿದವುಗಳಲ್ಲಿ ಉದ್ದ ಹಿಡಿಯ ಇಕ್ಕಳ, ಕತ್ತರಿ ಇಳಿಸಿ, ಟಿವಿ ನೋಡಿಕೊಂಡೇ ಆಪರೇಷನ್ ಮಾಡುವ ವಿದ್ಯೆ ಆಗಿನ್ನೂ ಮೈಸೂರಿಗೆ ಹೊಸದು. ಡಾಕ್ಟರ ಭಾಷೆಯಲ್ಲಿ ಅದು ಸಲೀಸಾಗಿತ್ತು: "ಒಳಗೆ ಏನೋ ಬಿದ್ದಿದೆ ಅಂತ ಮನೆ ಗೋಡೆ ಒಡೀತೀರಾ? ಕಿಟಕಿಯಿಂದ ಕೈ ಹಾಕಿ ತಗೋತೀರಿ ತಾನೇ? ಅಷ್ಟೇ ಇದು."

ಮಠವೊಂದಕ್ಕೆ ಎಣ್ಣೆ, ಬತ್ತಿ, ಕರ್ಪೂರ ಒದಗಿಸುತ್ತಿದ್ದ ಅಂಗಡಿಯವರ ಒಬ್ಬಳೇ ಮಗಳು ಅವರು. ಹೆರಿಗೆ ಡಾಕ್ಟರಾಗು ಎಂದು ಎಲ್ಲರೂ ಹೇಳಿದರೂ ಹಟ ಹಿಡಿದು ಸರ್ಜನ್ ಆದವರು. ಮದುವೆಯಾಗಿರಲಿಲ್ಲ. ವಯಸ್ಸಾದ ತಾಯಿಯ ಜೊತೆ ನರ್ಸಿಂಗ್ ಹೋಮಿನ ಮಹಡಿಯ ಮೇಲೇ ವಾಸ. ಕೆಲಸಕ್ಕೆ ಇಳಿಯುವ ಮುಂಚೆ ಕೊರಳಿನ ಲಿಂಗದ ಕರಡಿಗೆಯನ್ನು ಒಂದು ಸಲ ಮುಟ್ಟಿ, ರವಿಕೆಯೊಳಗೆ ಸೇರಿಸಿ, ಆಮೇಲೆ ಮೊಣಕೈವರೆಗೂ ಉಜ್ಜಿ ಉಜ್ಜಿ ಕೈ ತೊಳೆಯುವರು. ತೊಳೆಯುವಾಗ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿರಲಿಲ್ಲ. ಅದೊಂದು ಹೊತ್ತು ಬಿಟ್ಟರೆ ಮಾತಿಗೆ ಬಿಡುವೇ ಇರಲಿಲ್ಲ.

ಅವರ ಇನ್ನೊಂದು ಅಭ್ಯಾಸ ನೆನೆದರೆ ಈಗಲೂ ನಗು ಬರುತ್ತದೆ. ಪರದೆ ನೋಡುತ್ತ ಕೈಯಾಡಿಸುವುದು ಹುಟ್ಟಿನಿಂದ ಬರುವುದಲ್ಲ, ದಿನಾ ಪಳಗಬೇಕು. ಸಲೈನ್ ಬಾಟಲಿ ಬಂದ ರಟ್ಟಿನ ಪೆಟ್ಟಿಗೆಯೊಂದಕ್ಕೆ ತೂತು ಕೊರೆದು, ಒಳಗೆ ದೀಪ ಮತ್ತು ಒಂದು ಹಳೆಯ ವಿಡಿಯೋ ಕ್ಯಾಮೆರಾ ಕೂರಿಸಿಕೊಡಲು ನನಗೆ ಹೇಳಿದರು. ಮಾಡಿಕೊಟ್ಟೆ. ಅದರೊಳಗೆ ಅವರು ಏನಿಟ್ಟರು ಗೊತ್ತೇ? ನೆನೆಸಿದ ಅವರೆಕಾಳು. ಉದ್ದನೆಯ ಎರಡು ಇಕ್ಕಳದಿಂದ ಕಾಳಿನ ಸಿಪ್ಪೆ ಹಿತಕಿ, ಬೇಳೆಯನ್ನು ನೋಯಿಸದೆ ಬಟ್ಟಲಿಗೆ ಹಾಕಬೇಕು. ಅವರೆಕಾಯಿ ಕಾಲದಲ್ಲಿ ಮಧ್ಯಾಹ್ನ ಊಟವಾದ ಮೇಲೆ ದಿನಾ ಇದೇ ಕೆಲಸ. ಅವರ ತಾಯಿ ಬಾಗಿಲಲ್ಲಿ ನಿಂತು ಗೊಣಗುತ್ತಿದ್ದರು: "ಒಂದು ಗಂಟೆಗೆ ಒಂದು ಹಿಡಿ ಹಿತಕ್ತಾಳೆ ಕಣಪ್ಪ ಇವಳು. ಇದರಲ್ಲಿ ಸಾರು ಆಗೋದು ಯಾವ ಕಾಲಕ್ಕೆ?"

ನನಗೂ ಇಕ್ಕಳ ಕೊಟ್ಟರು. ನನ್ನ ಮೊದಲ ಕಾಳು ಸಿಪ್ಪೆಯಿಂದ ಚಿಮ್ಮಿ, ತೂತಿನಿಂದ ಹೊರಗೆ ಹಾರಿ, ಸಿಸ್ಟರ್ ಸರೋಜಾ ಅವರ ಕನ್ನಡಕಕ್ಕೆ ಬಡಿಯಿತು. ಸರೋಜಾ ಅಂದರೆ ಆಪರೇಷನ್ ಕೋಣೆಯ ಹಿರಿಯ ನರ್ಸು, ಸುಲಭಕ್ಕೆ ನಗುವವರಲ್ಲ. ಅವರೂ ನಕ್ಕುಬಿಟ್ಟರು.

ಇಷ್ಟಾಗಿ ಎರಡು ವರ್ಷಕ್ಕೆ ವಾಲಗದ ಚೆನ್ನಯ್ಯ ಬಂದರು.

ಚೆನ್ನಯ್ಯ ಬೋಗಾದಿಯವರು. ಬೋಗಾದಿ ಇನ್ನೂ ಹಳ್ಳಿಯೇ ಆಗಿದ್ದ ಕಾಲದಿಂದ ಮದುವೆ, ಗೃಹಪ್ರವೇಶಗಳಿಗೆ ನಾಗಸ್ವರ ಊದುತ್ತಿದ್ದವರು. ನಾಗಸ್ವರದ ತುದಿಗೆ ಸಿಕ್ಕಿಸುವ ಪೀಪಿಯನ್ನು ಸರಿ ಮಾಡಿಕೊಳ್ಳಲು ದಾರದಲ್ಲಿ ಒಂದು ಹಿತ್ತಾಳೆ ಸೂಜಿ ನೇತುಬಿದ್ದಿರುತ್ತದೆ. ಎರಡು ಇಂಚಿನದು. ಒಂದು ಮದುವೆಯಲ್ಲಿ ಆ ದಾರ ಕಿತ್ತುಹೋಗಿ, ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದಾರೆ. ಯಾರೋ ಒಗ್ಗರಣೆ ಹಾಕಿದರು, ಸೀನು ಬಂತು, ಸೂಜಿ ಒಳಗೆ ಹೋಯಿತು. ಎರಡು ದಿನ ಹೆದರಿ, ಮೂರನೇ ದಿನ ನೋವಿಲ್ಲವೆಂದು ಸುಮ್ಮನಾಗಿದ್ದಾರೆ. ಆರು ವಾರದ ಮೇಲೆ ಹೊಟ್ಟೆಯಲ್ಲಿ ಚುಚ್ಚುನೋವು. ಊದಿದಾಗಲೆಲ್ಲ ಚುಚ್ಚುತ್ತಿತ್ತು. ಎಕ್ಸ್‌ರೇ ತೆಗೆಸಿದರೆ ಸೂಜಿ ಸ್ಪಷ್ಟವಾಗಿ ಕಂಡಿತು. ಬಾಯಿಂದ ಕೊಳವೆ ಇಳಿಸಿ ನೋಡಿದರೆ ಜಠರದಲ್ಲಿ ಇಲ್ಲ. ಅದರ ಗೋಡೆ ತೂರಿ ಆಚೆ ಹೋಗಿಬಿಟ್ಟಿತ್ತು. ಬೇರೆ ಕಡೆ ತೋರಿಸಿದಾಗ, ಎದೆಗುಳಿಯಿಂದ ಹೊಕ್ಕುಳ ಕೆಳಗಿನವರೆಗೆ ಹೊಟ್ಟೆ ತೆಗೆಯಬೇಕು, ಇನ್ನು ತಿಂಗಳುಗಟ್ಟಲೆ ಊದುವ ಹಾಗಿಲ್ಲ ಅಂದಿದ್ದರು.

ಅವತ್ತು ನಾನು ಅಲ್ಲೇ ಕ್ಯಾಮೆರಾ ಒರೆಸುತ್ತಿದ್ದೆ. ಚೆನ್ನಯ್ಯ ಡಾಕ್ಟರ ಮೇಜಿನ ಮುಂದೆ ಕೂತು ನೆಲ ನೋಡುತ್ತಿದ್ದರು.

"ಎಂಗೆ ಓಯ್ತು ಅಂತ ಕೇಳಿದೋರೆಲ್ಲ ನಗ್ತಾರೆ ಕಣವ್ವ. ನನಗೆ ಸಾಯೋ ಭಯ ಇಲ್ಲ. ಹೊಟ್ಟೆ ಕುಯ್ದ ಮ್ಯಾಲೆ ದಮ್ಮು ಬರ್ದೇ ಓದ್ರೆ? ನಾಗಸ್ವರ ಬಾಯಲ್ಲಿ ಊದೋದಲ್ಲ, ಹೊಟ್ಟೇಲಿ ಊದೋದು."

ಬಾಗಿಲ ಹತ್ತಿರ ನಿಂತಿದ್ದ ಯಾರೋ ಕಿಸಕ್ಕೆಂದರು. ಡಾಕ್ಟರು ತಲೆ ಎತ್ತಿ ನೋಡಿದ ನೋಟಕ್ಕೆ ಆ ಜಾಗವೇ ಖಾಲಿಯಾಯಿತು. ಆಮೇಲೆ ಚೆನ್ನಯ್ಯನವರ ಕಡೆ ತಿರುಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು: "ನೋಡಿ ಯಜಮಾನ್ರೆ, ಮೂರು ಸಣ್ಣ ತೂತಲ್ಲಿ ತೆಗೆಯೋಕೆ ನೋಡ್ತೀನಿ. ಸಿಗದೇ ಹೋದ್ರೆ, ಇಲ್ಲಾ ಎಲ್ಲಾದ್ರೂ ಕರುಳಿಗೆ ಅಂಟಿಕೊಂಡಿದ್ರೆ, ಹೊಟ್ಟೆ ತೆಗೆಯೋದೇ. ಆಮೇಲೆ ಮೋಸ ಮಾಡಿದ್ರಿ ಅನ್ನಬಾರ್ದು. ಇನ್ನೊಂದು ವಿಷಯ, ನಮ್ಮ ಟಿವಿಯೋರು ಇವರು, ಜೋಸೆಫ್ ಅಂತ. ಅವತ್ತು ಇವರೂ ಒಳಗಿರ್ತಾರೆ. ಸೆಟ್ಟು ನಾಲ್ಕು ದಿನದಿಂದ ಆಟ ಆಡ್ತಿದೆ. ಆಗಬಹುದಾ?"

ಚೆನ್ನಯ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇರ್ಲಿ ಬುಡಿ, ಜನ ಇದ್ರೆ ಒಳ್ಳೇದೇ" ಅಂದರು.

ಆಪರೇಷನ್ ದಿನ ನನಗೂ ಹಸಿರು ಬಟ್ಟೆ, ಟೋಪಿ, ಬಾಯಿಗೆ ಬಟ್ಟೆ. ಟಿವಿಯ ಹಿಂದೆ ಒಂದು ಮೂಲೆ ಗುರುತು ಮಾಡಿ, ಅಲ್ಲಿಂದ ಕದಲಕೂಡದು ಎಂದು ಸರೋಜಾ ತಾಕೀತು ಮಾಡಿದರು. ಒಬ್ಬ ಕಿರಿಯ ಡಾಕ್ಟರು ಕ್ಯಾಮೆರಾ ಹಿಡಿದರು. ಹೊಟ್ಟೆಗೆ ಗಾಳಿ ತುಂಬಿ ಒಳಗೆ ಬೆಳಕು ಬಿಟ್ಟಾಗ ನಾನು ಮೊದಲ ಸಲ ಮನುಷ್ಯನ ಒಳಗನ್ನು ಕಂಡೆ. ಹೆದರಿಕೆ ಆಗಲಿಲ್ಲ. ಎಲ್ಲವೂ ಎಷ್ಟು ಒಪ್ಪವಾಗಿ ಜೋಡಿಸಿಟ್ಟ ಹಾಗಿತ್ತು! ಕರುಳಿನ ಮೇಲೆ ಹಳದಿ ಕೊಬ್ಬು ಹೊದ್ದುಕೊಂಡಿತ್ತು. "ಇದಕ್ಕೆ ನಾನು ಸೆರಗು ಅಂತೀನಿ. ಎಲ್ಲಿ ಗಾಯ ಆದ್ರೂ ಹೋಗಿ ಮುಚ್ಚುತ್ತೆ, ಪಾಪ" ಎಂದರು ಡಾಕ್ಟರು, ಆ ಸೆರಗನ್ನು ಇಕ್ಕಳದಿಂದ ಮೆಲ್ಲಗೆ ಎತ್ತುತ್ತ. ಇಪ್ಪತ್ತು ನಿಮಿಷ ಹುಡುಕಿದರೂ ಸೂಜಿ ಇಲ್ಲ.

ಆಗಲೇ ಪರದೆ ಪಟಪಟನೆ ಮಿಟುಕಿ ಕಪ್ಪಾಯಿತು.

"ಯಾರೂ ಅಲ್ಲಾಡಬೇಡಿ" ಅಂದರು ಡಾಕ್ಟರು. ಅವರ ಎರಡು ಕೈಯೂ ಇದ್ದಲ್ಲೇ ಕಲ್ಲಿನಂತೆ ನಿಂತವು. ಕಣ್ಣು ಮಾತ್ರ ನನ್ನ ಕಡೆ. "ಜೋಸೆಫ್, ಐದು ನಿಮಿಷ. ಆಮೇಲೆ ನಾನು ಹೊಟ್ಟೆ ತೆಗೀತೀನಿ. ಗಾಬರಿ ಬೀಳಬೇಡಿ, ತೆಗೆದ್ರೂ ಈ ಯಜಮಾನರು ಚೆನ್ನಾಗೇ ಇರ್ತಾರೆ."

ಚೆನ್ನಾಗೇ ಇರುತ್ತಾರೆ, ಆದರೆ ಊದುತ್ತಾರೋ ಇಲ್ಲವೋ. ಸೆಟ್ಟಿನ ಹಿಂದೆ ಬಗ್ಗಿದೆ. ಫ್ಯೂಸು ಸರಿ ಇತ್ತು, ಕರೆಂಟು ಇತ್ತು. ಕ್ಯಾಮೆರಾದಿಂದ ಬರುವ ವೈರನ್ನು ಸವರಿಕೊಂಡು ಬಂದರೆ ಸೆಟ್ಟಿಗೆ ಸಿಕ್ಕಿಸುವ ಜಾಗದಲ್ಲಿ ಒಳಗಿನ ತಂತಿ ಮುರಿದಿತ್ತು. ಇನ್ನೊಂದು ವೈರು ಅಂಗಡಿಯಲ್ಲಿ. ಬೆಸುಗೆ ಹಾಕಲು ಅಲ್ಲಿ ಆಗುವಂತಿಲ್ಲ. ಚಾಕುವಿನಿಂದ ತುದಿ ಹೆರೆದು, ತಂತಿಯನ್ನು ಅದರ ಜಾಗಕ್ಕೆ ಇಟ್ಟು ಹೆಬ್ಬೆರಳಲ್ಲಿ ಒತ್ತಿ ಹಿಡಿದೆ. ಚಿತ್ರ ಬಂತು. ಬೆರಳು ಕೂದಲೆಳೆ ಸರಿದರೆ ಪರದೆ ತುಂಬ ಕಪ್ಪು ಗೆರೆ.

"ಹಂಗೇ ಹಿಡ್ಕೊಂಡು ನಿಂತ್ಕೊಳ್ಳಿ" ಅಂದರು ಡಾಕ್ಟರು. ಮತ್ತೆ ಹುಡುಕಾಟ ಶುರುವಾಯಿತು.

ಕತ್ತು ಓರೆ ಮಾಡಿಕೊಂಡು ನಾನೂ ಪರದೆ ನೋಡುತ್ತಿದ್ದೆ. ಎಡಗಡೆ ಮೂಲೆಯಲ್ಲಿ ಒಂದು ಕಪ್ಪು ಗೆರೆ ಕಂಡಿತು. ಡಾಕ್ಟರೂ ಅದನ್ನು ನೋಡಿದರು. "ಜೋಸೆಫ್, ಬೆರಳು ಗಟ್ಟಿಯಾಗಿ ಒತ್ತಿ. ಮತ್ತೆ ಗೆರೆ ಬಂತು" ಎಂದು ಕ್ಯಾಮೆರಾ ಬಲಕ್ಕೆ ಹೊರಳಿಸಲು ಹೇಳಿದರು.

ಕ್ಯಾಮೆರಾ ಹೊರಳಿತು. ಅಲ್ಲಿ ಮಾತಾಡುವ ಹಕ್ಕು ನನಗಿದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಆದರೂ ಅಂದೆ: "ಮೇಡಂ, ಅದು ನನ್ನ ಗೆರೆ ಅಲ್ಲ."

"ಏನಂದ್ರಿ?"

"ಟಿವಿ ಗೆರೆ ಆದ್ರೆ ಪರದೆ ಮೇಲೇ ಇದ್ದಲ್ಲೇ ಇರುತ್ತೆ ಮೇಡಂ, ಕ್ಯಾಮೆರಾ ಎಲ್ಲಿಗೆ ಹೋದ್ರೂ. ಈ ಗೆರೆ ಕೊಬ್ಬಿನ ಜೊತೆ ಸರೀತಾ ಇದೆ."

ಕಿರಿಯ ಡಾಕ್ಟರು ನನ್ನನ್ನು ಕೆಕ್ಕರಿಸಿ ನೋಡಿದರು. ಗಂಗಾಂಬಿಕೆ ಡಾಕ್ಟರು ಮಾತ್ರ ಒಂದು ಕ್ಷಣವೂ ಯೋಚಿಸಲಿಲ್ಲ. "ವಾಪಸ್ ಎಡಕ್ಕೆ ತನ್ನಿ" ಅಂದರು. ಕ್ಯಾಮೆರಾ ಹತ್ತಿರ ಹೋಯಿತು. ಗೆರೆ ದಪ್ಪವಾಯಿತು. ಇಕ್ಕಳದ ಮೂತಿಯಿಂದ ಸೆರಗನ್ನು ಸವರಿದರು; ಗೆರೆ ಬಗ್ಗಲಿಲ್ಲ. ಹಿತ್ತಾಳೆ ಕಪ್ಪಾಗಿ, ಕೊಬ್ಬಿನೊಳಗೆ ಅರ್ಧ ಹೂತು, ಚೆನ್ನಯ್ಯನವರ ಸೂಜಿ ಮಲಗಿತ್ತು.

ಅದರ ಸುತ್ತಲಿನದನ್ನು ಬಿಡಿಸಿದ್ದನ್ನು ನೋಡಬೇಕಿತ್ತು. ಅವಸರವಿಲ್ಲ, ಎಳೆದಾಟವಿಲ್ಲ. ಸೂಜಿಯ ತುದಿಯನ್ನು ಹಿಡಿದು, ಇನ್ನೆಲ್ಲೂ ಚುಚ್ಚದ ಹಾಗೆ ನೇರ ಮಾಡಿ, ಕೊಳವೆಯೊಳಗೇ ಎಳೆದುಕೊಂಡು ಹೊರಗೆ ತಂದರು. ಬಟ್ಟಲಿಗೆ ಬಿದ್ದಾಗ ಟಿಣ್ ಎಂದು ಸದ್ದಾಯಿತು. ಡಾಕ್ಟರು ಒಳಗೆ ಮತ್ತೊಮ್ಮೆ ಪೂರ್ತಿ ನೋಡಿ, ಎಲ್ಲೂ ರಕ್ತವಿಲ್ಲ, ಸೋರಿಕೆಯಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ನನ್ನ ಕಡೆ ತಿರುಗಿ, "ಇನ್ನು ಬೆರಳು ತೆಗೀಬಹುದು ಕಣೋ ಜೋಸೆಫಪ್ಪ" ಅಂದರು.

ಅಲ್ಲಿಯವರೆಗೆ ನಾನು ಅವರಿಗೆ 'ನೀವು' ಆಗಿದ್ದೆ. ಆವತ್ತಿನಿಂದ 'ನೀನು' ಆದೆ. ಮರುದಿನವೇ ಇನ್ನೊಂದು ವೈರು ತಂದು ಆ ಕೋಣೆಯ ಮೊಳೆಗೆ ನೇತುಹಾಕಿದೆ. ಅಲ್ಲಿಂದ ಮುಂದೆ ಎಷ್ಟೋ ಆಪರೇಷನ್ನುಗಳಿಗೆ ನನ್ನನ್ನು ಸೆಟ್ಟಿನ ಹಿಂದಿನ ಆ ಮೂಲೆಯಲ್ಲಿ ನಿಲ್ಲಿಸಿಕೊಂಡರು.

ಹೊಟ್ಟೆಯಿಂದ ತೆಗೆದ ವಸ್ತುವನ್ನು ಶೀಶೆಯಲ್ಲಿಟ್ಟು ಬಂದವರಿಗೆ ತೋರಿಸುವ ಚಾಳಿ ಅವರಿಗಿರಲಿಲ್ಲ. "ಅವರ ಸಾಮಾನು ಅವರಿಗೆ" ಎಂದು ತೊಳೆಸಿ ವಾಪಸು ಕೊಟ್ಟುಬಿಡುತ್ತಿದ್ದರು. ಚೆನ್ನಯ್ಯನವರಿಗೂ ಕೊಟ್ಟರು. ಒಂದೂವರೆ ತಿಂಗಳ ಮೇಲೆ ಅವರು ರೇಷ್ಮೆ ಪಂಚೆ ಉಟ್ಟು, ನಾಗಸ್ವರ ಹೆಗಲಿಗೇರಿಸಿ, ಹೆಂಡತಿಯನ್ನು ಕರೆದುಕೊಂಡು ನರ್ಸಿಂಗ್ ಹೋಮಿನ ಅಂಗಳಕ್ಕೆ ಬಂದು ನಿಂತರು. "ನಿಮ್ ಮುಂದೇನೇ ಮೊದಲು ಊದ್ಬೇಕು ಅಂತ ಬಂದೆ ಕಣವ್ವ. ಇನ್ನೂ ಎಲ್ಲೂ ಊದಿಲ್ಲ. ಧೈರ್ಯ ಇಲ್ಲ."

ಡಾಕ್ಟರು ಅಂಗಳಕ್ಕೆ ಇಳಿದು, ಅವರ ಹೊಟ್ಟೆಯ ಮೇಲೆ ಅಂಗೈ ಇಟ್ಟರು. "ಊದಿ. ನಾನು ಹಿಡ್ಕೊಂಡಿದೀನಿ." ಮೊದಲ ಸ್ವರ ತಡವರಿಸಿತು. ಎರಡನೆಯದು ನಿಂತಿತು. ಮೂರನೆಯದಕ್ಕೆ ವಾರ್ಡಿನಲ್ಲಿದ್ದವರೆಲ್ಲ ಕಿಟಕಿಗೆ ಬಂದರು. ಚೆನ್ನಯ್ಯ ಕಣ್ಣು ಮುಚ್ಚಿಕೊಂಡು ಅರ್ಧ ಗಂಟೆ ಊದಿದರು. ಹತ್ತು ನಿಮಿಷಕ್ಕೇ ಕೈ ತೆಗೆದಿದ್ದ ಡಾಕ್ಟರು ಮೆಟ್ಟಿಲ ಮೇಲೆ ಕೂತು, ಗಂಡಸರ ಚಪ್ಪಲಿಯ ಕಾಲಲ್ಲಿ ತಾಳ ಹಾಕುತ್ತಿದ್ದರು. ತಾಳ ತಪ್ಪುತ್ತಿತ್ತು.

ಎಲ್ಲವೂ ಹೀಗೆ ಸುಖವಾಗಿ ಮುಗಿಯುತ್ತಿತ್ತು ಎಂದಲ್ಲ. ಒಮ್ಮೆ ಒಬ್ಬ ಹೆಣ್ಣುಮಗಳ ಹೊಟ್ಟೆಯಲ್ಲಿ, ವರ್ಷಗಳ ಹಿಂದೆ ಬೇರೆ ಊರಿನಲ್ಲಿ ಆದ ಆಪರೇಷನ್ನಿನಲ್ಲಿ ಮರೆತುಬಿಟ್ಟ ಬಟ್ಟೆಯ ಚೂರು ಸಿಕ್ಕಿತು. ಅದು ಕರುಳಿಗೆ ಅಂಟಿಕೊಂಡಿತ್ತು. ಡಾಕ್ಟರು ಹತ್ತು ನಿಮಿಷ ನೋಡಿ, ಇಕ್ಕಳ ಕೆಳಗಿಟ್ಟು, ಹೊಟ್ಟೆ ತೆಗೆದೇ ಕೆಲಸ ಮುಗಿಸಿದರು. ಆಮೇಲೆ ಕಿರಿಯ ಡಾಕ್ಟರು, "ಗಂಟು ಇತ್ತು ಅಂತ ಹೇಳೋಣ ಮೇಡಂ, ಸುಮ್ಮನೆ ಗಲಾಟೆ" ಅಂದದ್ದಕ್ಕೆ, "ಅವಳ ಹೊಟ್ಟೇಲಿ ಏನಿತ್ತು ಅನ್ನೋದು ಅವಳಿಗೆ ತಿಳೀದೆ ಇನ್ಯಾರಿಗೆ ತಿಳೀಬೇಕು?" ಎಂದು ತಾವೇ ಹೋಗಿ ಆಕೆಯ ಮಂಚದ ಮೇಲೆ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದರು. ಬಟ್ಟೆ ಮರೆತ ಆ ಬೇರೆ ಊರಿನ ಡಾಕ್ಟರನ್ನು ಒಂದು ಮಾತೂ ಬೈಯಲಿಲ್ಲ. "ನಾಳೆ ನಾನೂ ಮರೀಬಹುದು" ಅಂದರು.

ಹೊಸ ಶತಮಾನ ಬಂದು ಮೂರು ನಾಲ್ಕು ವರ್ಷವಾಗಿತ್ತು. ಒಂದು ದಿನ ಆಪರೇಷನ್ ಮುಗಿಸಿ ಬಂದು, "ಜೋಸೆಫಪ್ಪ, ಚಿತ್ರ ಯಾಕೋ ನಡುಗ್ತಿತ್ತು. ಸೆಟ್ ಬಿಚ್ಚಿ ನೋಡು" ಅಂದರು.

ಬಿಚ್ಚಿದೆ. ಅರ್ಧ ಗಂಟೆ ಅದರ ಮುಂದೆ ಸುಮ್ಮನೆ ಕೂತೆ. ಚಿತ್ರ ನಡುಗುತ್ತಿರಲಿಲ್ಲ. ನಡುಗುತ್ತಿದ್ದದ್ದು ಇಕ್ಕಳದ ತುದಿ. ಪರದೆ ಎಲ್ಲವನ್ನೂ ಹತ್ತರಷ್ಟು ದೊಡ್ಡದು ಮಾಡಿ ತೋರಿಸುತ್ತದಲ್ಲ. ಡಾಕ್ಟರು ಬಂದು ಹಿಂದೆ ನಿಂತರು.

"ಏನಾಗಿದೆ?"

"ಸೆಟ್ ಚೆನ್ನಾಗಿದೆ ಮೇಡಂ."

ಅವರು ಪಕ್ಕದ ಸ್ಟೂಲು ಎಳೆದುಕೊಂಡು ಕೂತರು. "ನಿಂಗೆ ಎಷ್ಟು ದಿನದಿಂದ ಗೊತ್ತು?"

"ಯುಗಾದಿ ಆದಾಗಿನಿಂದ."

"ಮತ್ಯಾಕೆ ಬಾಯಿ ಬಿಡಲಿಲ್ಲ?"

"ನಿಮಗೆ ನೋವಾಗುತ್ತೆ ಅಂತ..."

"ನನ್ನ ನೋವು ಹಾಗಿರಲಿ. ಟೇಬಲ್ ಮೇಲೆ ಮಲಗಿರ್ತಾರಲ್ಲ, ಅವರ ಗತಿ?" ಅಷ್ಟು ವರ್ಷದಲ್ಲಿ ಅವರು ನನ್ನನ್ನು ಬೈದದ್ದು ಅದೊಂದೇ ಸಲ. ಬೈದವರೇ ಆಮೇಲೆ ನನ್ನ ಭುಜ ತಟ್ಟಿದರು. ಮಾರನೆಯ ದಿನದ ಆಪರೇಷನ್ನನ್ನು ಕಿರಿಯ ಡಾಕ್ಟರಿಗೆ ಒಪ್ಪಿಸಿದರು. ಅದಾದ ಮೇಲೆ ಇಕ್ಕಳ ಮುಟ್ಟಲಿಲ್ಲ.

ಇನ್ನು ಇವರು ಮಂಕಾಗಿ ಕೂರುತ್ತಾರೆ ಎಂದು ನಾನು, ಸರೋಜಾ ಇಬ್ಬರೂ ಚಿಂತೆ ಮಾಡುತ್ತಿದ್ದೆವು. ಎರಡು ತಿಂಗಳ ಮೇಲೆ ಒಂದು ಸೋಮವಾರ ಬೆಳಿಗ್ಗೆ ನನ್ನ ಅಂಗಡಿ ಮುಂದೆ ಆಟೋ ನಿಂತಿತು. ಡಾಕ್ಟರು ಇಳಿದರು, ತೊಡೆಯ ಮೇಲೆ ಮಗುವಿನ ಹಾಗೆ ಇಟ್ಟುಕೊಂಡಿದ್ದ ಅವರ ತಂದೆಯ ಕಾಲದ ದೊಡ್ಡ ಮರದ ರೇಡಿಯೋ ಇಳಿಸಿದರು. "ಇದನ್ನ ರಿಪೇರಿ ಮಾಡ್ಬೇಕು."

"ಇಟ್ಟು ಹೋಗಿ ಮೇಡಂ, ವಾರದಲ್ಲಿ ಕೊಡ್ತೀನಿ."

"ನೀನಲ್ಲ ಕಣೋ, ನಾನು ಮಾಡ್ಬೇಕು. ಶಿಷ್ಯೆ ಬಂದಿದಾಳೆ, ಕೂರೋಕೆ ಜಾಗ ಕೊಡಿ ಮೇಷ್ಟ್ರೇ."

ಸೋಮವಾರ, ಗುರುವಾರ ಹನ್ನೊಂದು ಗಂಟೆಗೆ ಸರಿಯಾಗಿ ಬರುವರು. ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದು ಬೆಸುಗೆ ಹಾಕುವರು. ಸೀಸ ಎಲ್ಲೆಲ್ಲೋ ಬೀಳುತ್ತಿತ್ತು. ಕೆರೆದು ತೆಗೆದು ಮತ್ತೆ ಹಾಕುವರು. "ಹೊಟ್ಟೆ ಆಗಿದ್ರೆ ಕ್ಷಮಿಸ್ತಿರಲಿಲ್ಲ. ರೇಡಿಯೋ ಪಾಪ, ಎಷ್ಟು ಸಲ ತಪ್ಪು ಮಾಡಿದ್ರೂ ಸುಮ್ಮನಿರುತ್ತೆ" ಎಂದು ನಗುವರು. ಒಮ್ಮೆ ಗಿರಾಕಿಯೊಬ್ಬರು ಅವರನ್ನು ನನ್ನ ತಾಯಿ ಎಂದುಕೊಂಡು, "ಅಮ್ಮಾ, ನಿಮ್ಮ ಮಗನಿಗೆ ಸ್ವಲ್ಪ ಹೇಳಿ, ನನ್ನ ಟಿವಿ ಕೊಟ್ಟು ಹದಿನೈದು ದಿನ ಆಯ್ತು" ಅಂದರು. ಡಾಕ್ಟರು ಬಗ್ಗಿಸಿದ ತಲೆ ಎತ್ತದೆ, "ಹೇಳ್ತಾನೇ ಇದೀನಿ ಕಣಪ್ಪ, ಮಾತೇ ಕೇಳಲ್ಲ ಇವನು" ಅಂದರು.

ರೇಡಿಯೋ ಹಾಡಲು ಏಳು ತಿಂಗಳು ಹಿಡಿಯಿತು. ಒಂದು ಗುರುವಾರ ಸ್ವಿಚ್ಚು ಹಾಕಿದಾಗ ಮೊದಲು ಗೊರಗೊರ, ಆಮೇಲೆ ಗಂಟಲು ಸರಿಮಾಡಿಕೊಂಡ ಹಾಗೆ ಒಂದು ದನಿ: ಆವತ್ತಿನ ತರಕಾರಿ ಪೇಟೆ ಧಾರಣೆ. ಬೀನ್ಸು, ಗೆಡ್ಡೆಕೋಸು, ಸೀಮೆಬದನೆ. ಡಾಕ್ಟರು ಎರಡೂ ಕೈ ಮೊಣಕಾಲಿನ ಮೇಲಿಟ್ಟುಕೊಂಡು ಸಂಗೀತ ಕಛೇರಿ ಕೇಳುವ ಹಾಗೆ ಕೊನೆಯ ಸೊಪ್ಪಿನ ಬೆಲೆಯವರೆಗೂ ಕೇಳಿದರು. ರೇಡಿಯೋವನ್ನು ಆಟೋಗೆ ಏರಿಸಿಕೊಟ್ಟೆ. ಹೊರಡುವ ಮುಂಚೆ ತಲೆ ಹೊರಗೆ ಹಾಕಿ ಹೇಳಿದರು: "ಜೋಸೆಫಪ್ಪ, ಇನ್ಯಾವುದಾದ್ರೂ ಕೆಟ್ಟಿರೋದಿದ್ರೆ ಎತ್ತಿಡು. ಸೋಮವಾರ ಬರ್ತೀನಿ. ನೀನು ಮುಟ್ಟಬೇಡ ಮತ್ತೆ."

ಯಾರೋ ವಾಪಸು ಕೇಳದ ಒಂದು ಟೇಪ್‌ರೆಕಾರ್ಡರು ಇತ್ತು. ಧೂಳು ಒರೆಸಿ ಅವರ ಸ್ಟೂಲಿನ ಮುಂದೆ ಇಟ್ಟೆ. ಭಾನುವಾರ ಚರ್ಚಿನಿಂದ ಮನೆಗೆ ಬಂದಾಗ ಸರೋಜಾ ಅವರ ಫೋನು ಬಂತು. ಬೆಳಿಗ್ಗೆ ಪೂಜೆಗೆ ಕೂತ ಡಾಕ್ಟರು ಕೂತ ಹಾಗೇ ಹೋಗಿಬಿಟ್ಟಿದ್ದರು.

ಟೇಪ್‌ರೆಕಾರ್ಡರನ್ನು ಸುಮಾರು ದಿನ ಮುಟ್ಟಲಿಲ್ಲ. ಒಂದು ಗುರುವಾರ ಕೊನೆಗೂ ಬಿಚ್ಚಿದೆ. ಒಳಗೆ ಬೆಲ್ಟು ಕಿತ್ತಿತ್ತು, ಅಷ್ಟೇ. ಹತ್ತು ನಿಮಿಷದ ಕೆಲಸ. ಅವರ ಕೈಗೆ ಸಿಕ್ಕಿದ್ದರೆ ಎರಡು ತಿಂಗಳಾದರೂ ಹಿಡಿಯುತ್ತಿತ್ತು.